ಬ್ಯಾಡಗಿಯ ಬಣ್ಣ, ಎರಡು ದೇಶದ ಪದವಿ

ಎಲ್ಲರಿಗೂ ನಮಸ್ಕಾರ. ಧಾರವಾಡದ ಶ್ರಾವಣದ ಮಳೆ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಇಂಥದರಲ್ಲಿ ಕೊಡೆ ಹಿಡಿದು ವಿದ್ಯಾವರ್ಧಕ ಸಂಘದ ತನಕ ಬಂದಿದ್ದೀರಿ. ಹಿಂದಿನ ಸಾಲಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಕಾಣುತ್ತಿದ್ದಾರೆ. ಮುಂದೆ ಬರ್ರಿ, ಕುರ್ಚಿ ಖಾಲಿ ಅದಾವ. ನಾನು ಮಾತಾಡಬೇಕೆಂದು ಬಂದದ್ದೇ ನಿಮ್ಮ ಜೊತೆ.

ಹದಿನೈದು ದಿನದಲ್ಲಿ ಮೂವರು ಹುಡುಗರು ಮನೆಗೆ ಬಂದರು. ಬೇರೆ ಬೇರೆ ದಿನ ಬಂದರೂ ಮೂವರದೂ ಒಂದೇ ಮಾತು: "ಸರ್, ಜಾಯಿಂಟ್ ಪಿಎಚ್.ಡಿ. ಮಾಡಬೇಕಂತೀನಿ. ಯಾವ ದೇಶ ಚಲೋ?" ನಾನು ಮೂವರಿಗೂ ಒಂದೇ ಕೇಳಿದೆ: "ನಿನ್ನ ಪ್ರಶ್ನೆ ಯಾವುದಪಾ?" ಒಬ್ಬ ಜರ್ಮನಿ ಎಂದ. ಅದು ದೇಶವಾಯಿತು, ಪ್ರಶ್ನೆಯಾಗಲಿಲ್ಲ. ಆ ಹುಡುಗರು ಜಾಣರು, ಅವರ ಮೇಲೆ ನನಗೆ ಬೇಸರವಿಲ್ಲ. ಮೊದಲು ಪ್ರಶ್ನೆ, ಆಮೇಲೆ ದೇಶ ಎಂದು ಅವರಿಗೆ ಯಾರೂ ಹೇಳಿಲ್ಲ, ಅದು ನಮ್ಮ ತಪ್ಪು. ಅದಕ್ಕೇ ಇವತ್ತು ಈ ವಿಷಯ ಹಿಡಿದೆ.

ಎರಡು ದೇಶದ ವಿಶ್ವವಿದ್ಯಾಲಯಗಳು ಕೂಡಿ ಕೊಡುವ ಈ ಜಾಯಿಂಟ್ ಪಿಎಚ್.ಡಿ.ಗೆ ಫ್ರೆಂಚರು 'ಕೋಟ್ಯುಟೆಲ್' ಎನ್ನುತ್ತಾರೆ. ಟ್ಯುಟೆಲ್ ಅಂದರೆ ಪಾಲಕತ್ವ. ತಂದೆತಾಯಿ ಇಲ್ಲದ ಕೂಸಿಗೆ ಕಾನೂನು ನೇಮಿಸುವ ಪಾಲಕತ್ವಕ್ಕೂ ಅಲ್ಲಿ ಅದೇ ಪದ. ಇಬ್ಬರು ಕೂಡಿ ಒಂದು ಕೂಸು ಸಾಕುವುದು, ಅಷ್ಟೇ ಇದರ ಹೂರಣ. ವಿದ್ಯಾರ್ಥಿ ಎರಡೂ ಕಡೆ ಹೆಸರು ಹಚ್ಚುತ್ತಾನೆ, ಎರಡೂ ಕಡೆ ಗೈಡ್ ಇರುತ್ತಾರೆ. ಥೀಸಿಸ್ ಮಾತ್ರ ಒಂದು, ವೈವಾ ಅಂದರೆ ಮೌಖಿಕ ಪರೀಕ್ಷೆ ಒಂದು. ಫ್ರೆಂಚರು 2005ರಲ್ಲಿ ಇದಕ್ಕೆಂದೇ ಪ್ರತ್ಯೇಕ ಆದೇಶ ಮಾಡಿದರು, 2016ರಲ್ಲಿ ಅದನ್ನು ಡಾಕ್ಟರೇಟಿನ ಸಾಮಾನ್ಯ ನಿಯಮದೊಳಗೇ ಸೇರಿಸಿದರು. ನಮ್ಮ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2022ರ ಮೇ ತಿಂಗಳಲ್ಲಿ ಜಂಟಿ ಪದವಿಗಳ ನಿಯಮಾವಳಿ ತಂದಿತು. ಅದರಲ್ಲೂ ಪಿಎಚ್.ಡಿ.ಗೆ ಇದೇ ಮಾತು: ಎರಡೂ ಸಂಸ್ಥೆಯಲ್ಲಿ ಒಬ್ಬೊಬ್ಬ ಗೈಡ್, ಕನಿಷ್ಠ ಒಂದೊಂದು ಸೆಮಿಸ್ಟರ್ ವಾಸ, ಒಂದೇ ಪ್ರಬಂಧ.

ಕೇಳಲಿಕ್ಕೆ ಹೊಸದು. ಆದರೆ ಈ ಊರಿಗೆ ಎರಡು ದೇಶದ ಪಾಂಡಿತ್ಯ ಹೊಸದಲ್ಲ. ಕಿಟೆಲ್ ಅವರ ನಿಘಂಟು ನಿಮ್ಮಲ್ಲಿ ಬಹಳ ಜನರ ಕಪಾಟಿನಲ್ಲಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎರಡು ವರ್ಷದ ನಂತರ, 1896ರಲ್ಲಿ, ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದು ಅವರ ಬೆವರಿಗೆ ಸಂದ ಗೌರವ, ಎರಡು ಮಾತಿಲ್ಲ. ಮನೆಗೆ ಹೋದ ಮೇಲೆ ಆ ನಿಘಂಟು ತೆರೆದು ನೋಡಿರಿ. ಕೆಲವು ಪದಗಳ ಪಕ್ಕ 'ಎಸ್. ಎಂಎಚ್‌ಆರ್.' ಎಂಬ ಗುರುತಿದೆ. ಸದರ್ನ್ ಮರಾಠಾ, ಅಂದರೆ ನಮ್ಮ ಧಾರವಾಡದ ಸೀಮೆಯ ಮಾತು ಎಂದರ್ಥ. ಸೀಮೆಗೆ ಗುರುತು ಸಿಕ್ಕಿತು. ಆ ಪದ ಹೇಳಿದ ಒಕ್ಕಲಿಗನ ಹೆಸರಿಗೆ, ಆ ಪದ ಹೇಳಿದ ಹೆಣ್ಣುಮಗಳ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ. ನಿಘಂಟಿನ ಪದ್ಧತಿಯೇ ಹಾಗೆ. ಮುಂದೆ ನಮ್ಮ ಎಸ್.ಸಿ. ನಂದಿಮಠರು ಲಂಡನ್ನಿಗೆ ಹೋಗಿ ವೀರಶೈವದ ಮೇಲೆ ಪಿಎಚ್.ಡಿ. ಪಡೆದು ಬಂದರು. ಆಗ ಪ್ರಶ್ನೆ ನಮ್ಮದಾಯಿತು, ಮುದ್ರೆ ಅಲ್ಲಿಯದೇ ಉಳಿಯಿತು. ಈಗಿನ ಹುಡುಗರಿಗೆ ಪ್ರಶ್ನೆಯೂ ತಮ್ಮದು, ಮುದ್ರೆ ಎರಡೂ ಕಡೆಯದು ಎನ್ನುವ ಅವಕಾಶ ಒದಗಿದೆ. ಅದನ್ನು ಕೈಚೆಲ್ಲಬಾರದು ಎಂದು ನನ್ನ ಹಟ.

ಇರಲಿ, ನನ್ನ ವಿದ್ಯಾರ್ಥಿನಿಯ ಕಥೆಗೆ ಬರುತ್ತೇನೆ. ಅವಳು ಬ್ಯಾಡಗಿ ಕಡೆಯ ಹುಡುಗಿ. ಹೆಸರು ಹೇಳುವುದಿಲ್ಲ, ಅವಳಿಗೆ ಇಷ್ಟವಾಗದು. ಎಂ.ಎಸ್ಸಿ. ರಸಾಯನಶಾಸ್ತ್ರ ಮುಗಿಸಿ ನನ್ನ ಹತ್ತಿರ ಸಂಶೋಧನೆಗೆ ಬಂದಳು. ಯಾವುದೋ ಲೋಹದ ಸಂಕೀರ್ಣದ ಮೇಲೆ ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪುರೇಷೆ, ಬರೆದುಕೊಂಡೇ ಬಂದಿದ್ದಳು. ಚೆನ್ನಾಗಿಯೇ ಇತ್ತು, ಆದರೆ ಅದರಲ್ಲಿ ಅವಳು ಎಲ್ಲಿಯೂ ಇರಲಿಲ್ಲ. ಒಂದು ದಿನ ಅವಳಪ್ಪ ಊರಿಂದ ಬಂದಾತ ಪ್ರಯೋಗಾಲಯದ ಹೊರಗೆ ಬೆಂಚಿನ ಮೇಲೆ ಕೂತಿದ್ದ. ನಾನು ಹೋಗಿ ಮಾತಾಡಿಸಿದೆ. ಮೆಣಸಿನಕಾಯಿ ರೇಟು, ಮಳೆ, ಎಲ್ಲ ಆದಮೇಲೆ ಆತ ಕೇಳಿದ: "ಸರ, ನೀವು ಕೆಮಿಸ್ಟ್ರಿ ಮಂದಿ ಅಲ್ಲ? ಮಾಘದಾಗ ತುಂಬಿಟ್ಟ ಕಾಯಿ ಶ್ರಾವಣಕ್ಕ ಬಿಳಿಚಿಗೊಂತೈತಿ. ಖಾರ ಅಷ್ಟ ಇರತೈತಿ. ಬಣ್ಣ ಎಲ್ಲಿ ಹೊಕ್ಕೈತಿ?"

ಬಣ್ಣ ಎಲ್ಲಿ ಹೊಕ್ಕೈತಿ! ಇಂಥ ಪ್ರಶ್ನೆ ಕೇಳಿದವರಿಗೆ ನಾವು ಕುರ್ಚಿ ಕೊಟ್ಟು ಕೂಡಿಸಬೇಕು. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣದ ಮೇಲೆ, ಖಾರ ಕಡಿಮೆ. ಡಬ್ಬಿ, ಕಡ್ಡಿ ಅಂತ ಎರಡು ನಮೂನೆ. ಡಬ್ಬಿ ಗಿಡ್ಡ, ದುಂಡಗೆ, ಮೈತುಂಬ ಸುಕ್ಕು. ಅಂಗೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುತ್ತವೆ. ಆ ಸುಕ್ಕಿನ ಚರ್ಮದಿಂದ ತೆಗೆದ ಓಲಿಯೋರೆಸಿನ್ ಎಂಬ ಎಣ್ಣೆಯಂಥ ಕೆಂಪು ಸಾರ ಮಸಾಲೆಗೂ ಹೋಗುತ್ತದೆ, ಹೆಣ್ಣುಮಕ್ಕಳ ತುಟಿರಂಗಿಗೂ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕಾಯಿ ಇದು. ಆ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಎಂಬ ಕ್ಯಾರೊಟಿನಾಯ್ಡ್, ಅಂದರೆ ಸಸ್ಯದಲ್ಲಿರುವ ಒಂದು ಬಣ್ಣದ ವಸ್ತು. ಬೆಳಕು, ಶಾಖ, ಆಮ್ಲಜನಕ, ಈ ಮೂರೂ ಅದಕ್ಕೆ ವೈರಿ. ಇಷ್ಟು ಪುಸ್ತಕದಲ್ಲಿ ಇದೆ. ಆದರೆ ನಮ್ಮ ಕಣದಲ್ಲಿ, ನಮ್ಮ ಗೋಣಿಚೀಲದಲ್ಲಿ, ನಮ್ಮ ಗೋದಾಮಿನ ತೇವದಲ್ಲಿ ಅದು ಯಾವ ತಿಂಗಳು ಎಷ್ಟು ಒಡೆಯುತ್ತದೆ? ಅದನ್ನು ಪುಸ್ತಕ ಹೇಳುವುದಿಲ್ಲ. ಹುಡುಗಿ ಅವತ್ತೇ ರಾತ್ರಿ ಹಳೆಯ ಸಿನಾಪ್ಸಿಸ್ ಬದಿಗಿಟ್ಟಳು.

ಒಡೆದ ಅಣುವಿನ ಚೂರು ಹಿಡಿದು ತೂಗುವ ಉಪಕರಣ ನಮ್ಮಲ್ಲಿ ಇರಲಿಲ್ಲ. ಫ್ರಾನ್ಸಿನ ದಕ್ಷಿಣದ ಒಂದು ವಿಶ್ವವಿದ್ಯಾಲಯದಲ್ಲಿ ಇತ್ತು. ಅಲ್ಲಿಯ ಪ್ರಾಧ್ಯಾಪಕರಿಗೆ ಅವಳು ಪತ್ರ ಬರೆದಳು. ಅವರ ಮೊದಲ ಉತ್ತರವೇ "ಇನ್ನೂರು ಗ್ರಾಂ ಬೀಜ ಲಕೋಟೆಯಲ್ಲಿ ಹಾಕಿ ಕಳಿಸಿರಿ." ಅವರು ಸಜ್ಜನರು, ಸದುದ್ದೇಶದಿಂದಲೇ ಕೇಳಿದ್ದು. ಆದರೆ ನಮ್ಮ ಜೈವಿಕ ವೈವಿಧ್ಯ ಕಾಯ್ದೆ 2002ರಿಂದ ಇದೆ. ಹೊರದೇಶದವರು ಸಂಶೋಧನೆಗೆಂದು ನಮ್ಮ ಸಸ್ಯ ಪಡೆಯಬೇಕಾದರೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಕಾಯ್ದೆಯ ಐದನೇ ಕಲಮಿನಲ್ಲಿ ಒಂದು ದಾರಿ ಇದೆ: ಎರಡು ಸಂಸ್ಥೆಗಳ ಸಹಯೋಗದ ಯೋಜನೆ, ಕೇಂದ್ರದ ಮಾರ್ಗಸೂಚಿಗೆ ಒಪ್ಪುವಂಥದ್ದು, ಸರಕಾರ ಮಂಜೂರು ಮಾಡಿದ್ದು ಇದ್ದರೆ ವಿನಾಯಿತಿ. ಹುಡುಗಿ ಲಕೋಟೆ ಕಳಿಸಲಿಲ್ಲ. ಕಲಮು ತೋರಿಸಿ ಉತ್ತರ ಬರೆದು, ಕೆಳಗೆ ಒಂದು ಸಾಲು ಸೇರಿಸಿದಳು: ಜನವರಿಯಲ್ಲಿ ನೀವೇ ಬನ್ನಿರಿ, ಕಾಯಿ ಕಣದಲ್ಲಿ ಇರುತ್ತದೆ.

ಅವರು ಬಂದರು! ಸೋಮವಾರ ಬ್ಯಾಡಗಿ ಮಾರುಕಟ್ಟೆಗೆ ಕರೆದುಕೊಂಡು ಹೋದೆವು. ನೋಡಿದವರಿಗೆ ಗೊತ್ತು, ಕಣ್ಣು ಹಾಯುವಷ್ಟೂ ಕೆಂಪು ರಾಶಿ, ಕಾಲಿಡಲಿಕ್ಕೆ ಜಾಗವಿಲ್ಲ. ಅವರಿಗೆ ಬಾಗಿಲಲ್ಲೇ ಸೀನು ಹತ್ತಿತು, ಇಪ್ಪತ್ತು ಸೀನು ಆದರೂ ನಿಲ್ಲಲಿಲ್ಲ. ಹಮಾಲರು ಕೆಲಸ ಬಿಟ್ಟು ಎಣಿಸತೊಡಗಿದರು. ಒಬ್ಬ ಮುದುಕಿ ತನ್ನ ಸೆರಗಿನ ತುದಿ ನೀರಲ್ಲಿ ಅದ್ದಿ ಮೂಗಿಗೆ ಹಿಡಿ ಎಂದು ಸನ್ನೆ ಮಾಡಿದಳು. ಅವರು ಹಿಡಿದರು. ನಂತರ ಆ ರಾಶಿಯ ಬದಿಗೆ ಕುಕ್ಕರಗಾಲಲ್ಲಿ ಕೂತು ಎರಡು ತಾಸು ರೈತರನ್ನು ಕೇಳಿದರು, ಹುಡುಗಿ ಅನುವಾದಿಸಿದಳು. ಸಂಜೆ ವಾಪಸು ಬರುವಾಗ ಕಾರಿನಲ್ಲಿ ಅವರು ಹೇಳಿದ್ದು: "ಅರ್ಧ ಪ್ರಯೋಗಾಲಯ ಇಲ್ಲಿಯೇ ಇದೆ." ಅಂದಿನಿಂದ ಅವರು ಪಾಲುದಾರರಾದರು. ಲಕೋಟೆ ಹೋಗಿದ್ದರೆ ಏನಾಗುತ್ತಿತ್ತು, ಯೋಚಿಸಿರಿ. ಅವರ ಪ್ರಬಂಧದ ಕೊನೆಗೆ ಇವಳಿಗೆ ಒಂದು ಕೃತಜ್ಞತೆಯ ಸಾಲು ಸಿಗುತ್ತಿತ್ತು. ಅದಕ್ಕೇ ಮತ್ತೆ ಮತ್ತೆ ಕೇಳುತ್ತೇನೆ, ಪ್ರಶ್ನೆ ಯಾರದು?

ಒಪ್ಪಂದದ ಮಾತಿಗೆ ಬರೋಣ. ಅದು ಹದಿನಾಲ್ಕು ತಿಂಗಳು ಹಿಡಿಯಿತು. ಯಾವ ಕಚೇರಿ, ಯಾರ ಮೇಜು ಎಂದು ಹೇಳುವುದಿಲ್ಲ, ಆದರೆ ಅದರಲ್ಲಿ ಒಂಬತ್ತು ತಿಂಗಳು ಕಡತ ಒಂದೇ ಕಡೆ ಕೂತಿತ್ತು. ಹುಡುಗಿ ವಾರಕ್ಕೊಮ್ಮೆ ಹೋಗಿ ನಿಲ್ಲುತ್ತಿದ್ದಳು. ಒಂದು ಹಂಗಾಮಿನ ಕಾಯಿ ಕೈತಪ್ಪಿ ಹೋಯಿತು, ಅಂದರೆ ಪೂರಾ ಒಂದು ವರ್ಷ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಒಪ್ಪಂದ ಅಂದರೆ ಎಂಒಯು ಅಲ್ಲ, ದಯವಿಟ್ಟು ಇದನ್ನು ಬರೆದುಕೊಳ್ಳಿರಿ. ಎಂಒಯುಗೆ ಶಾಲು, ಹಾರ, ಫೋಟೊ ಎಲ್ಲ ಆಗುತ್ತದೆ, ಅದು ಎರಡು ವಿಶ್ವವಿದ್ಯಾಲಯಗಳ ಸ್ನೇಹದ ಪತ್ರ. ಜಂಟಿ ಪಿಎಚ್.ಡಿ.ಗೆ ಬೇಕಾದದ್ದು ಒಬ್ಬಳೇ ವಿದ್ಯಾರ್ಥಿನಿಯ ಹೆಸರಿನಲ್ಲಿ ಬರೆದ ಕರಾರು. ಫೀ ಎಲ್ಲಿ ಕಟ್ಟಬೇಕು? ಆಸ್ಪತ್ರೆಯ ವಿಮೆ ಯಾರದು? ಯಾವ ತಿಂಗಳು ಎಲ್ಲಿರಬೇಕು? ಥೀಸಿಸ್ ಯಾವ ಭಾಷೆಯಲ್ಲಿ, ಸಾರಾಂಶ ಯಾವುದರಲ್ಲಿ? ಎಲ್ಲಕ್ಕಿಂತ ದೊಡ್ಡ ಗಂಟು ಪರೀಕ್ಷಕರದು. ನಮ್ಮಲ್ಲಿ ಹೊರಗಿನ ಇಬ್ಬರು ಪರೀಕ್ಷಕರು, ಹೆಸರು ಗುಟ್ಟು. ಫ್ರಾನ್ಸಿನಲ್ಲಿ ಪರೀಕ್ಷಕ ಮಂಡಳಿಯವರ ಹೆಸರು ಬಹಿರಂಗ. ನಮ್ಮಲ್ಲಿ ಗೈಡ್ ಪ್ರಬಂಧದ ಮೌಲ್ಯಮಾಪನದಲ್ಲಿ ಸೇರಿರುತ್ತಾನೆ. ಅವರಲ್ಲಿ 2016ರ ನಿಯಮದ ಪ್ರಕಾರ ಗೈಡ್ ಮಂಡಳಿಯಲ್ಲಿ ಕೂಡಬಹುದು, ತೀರ್ಪಿನಲ್ಲಿ ಭಾಗವಹಿಸುವಂತಿಲ್ಲ. ನನಗೆ ಅವರ ಪದ್ಧತಿಯೇ ಹಿಡಿಸಿತು. ಸಾಕಿದವನು ತೂಗಬಾರದು. ಈ ಗಂಟು ಮೊದಲೇ ಬಿಚ್ಚದಿದ್ದರೆ ನಾಲ್ಕನೇ ವರ್ಷ ಥೀಸಿಸ್ ಹಿಡಿದು ನಿಂತ ಹುಡುಗಿಗೆ ಎರಡೂ ಬಾಗಿಲು ಮುಚ್ಚಿಕೊಳ್ಳುತ್ತವೆ.

ವೈವಾ ನಮ್ಮಲ್ಲೇ ಆಯಿತು. ಚಳಿಗಾಲ, ಅವರಿಗೂ ನಮಗೂ ನಾಲ್ಕೂವರೆ ತಾಸಿನ ಅಂತರ. ಮಧ್ಯಾಹ್ನ ಎರಡೂವರೆಗೆ ಇಟ್ಟುಕೊಂಡೆವು, ಪರದೆಯ ಮೇಲಿದ್ದ ಇಬ್ಬರಿಗೆ ಆಗ ಬೆಳಗಿನ ಹತ್ತು. ಅವಳಪ್ಪ ಬಿಳಿ ಧೋತ್ರ, ರುಮಾಲು ಸುತ್ತಿಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದ. ಪರದೆಯ ಮೇಲಿನ ಒಬ್ಬ ಹೆಣ್ಣುಮಗಳು, ಪರೀಕ್ಷಕಿ, ಕೇಳಿದಳು: "ತೊಟ್ಟು ಇದ್ದ ಕಾಯಿ, ತೊಟ್ಟು ತೆಗೆದ ಕಾಯಿ ಎಂದು ಎರಡು ಗುಂಪು ಮಾಡಿದ್ದೀರಿ. ಈ ವಿಚಾರ ಎಲ್ಲಿಂದ ಬಂತು?" ಹುಡುಗಿ ಹಿಂದಿನ ಸಾಲಿಗೆ ಕೈ ತೋರಿಸಿದಳು. ಅಧ್ಯಕ್ಷರು ಆತನನ್ನೇ ಕರೆದರು. ಆತ ಎದ್ದು ನಿಂತ, ಮೈಕು ಹಿಡಿಯಲಿಲ್ಲ. "ನಮ್ಮವ್ವ ತೊಟ್ಟು ಕೀಳಾಕ ಬಿಡತಿರಲಿಲ್ಲರಿ. ತೊಟ್ಟು ಕಿತ್ತ ಕಾಯಿ ಬಾಯಿ ತಕ್ಕೊಂಡು ಮಕ್ಕೊಂಡಂಗ, ಗಾಳಿ ಹೊಕ್ಕೈತಿ ಅನ್ನಾಕಿ." ಮಗಳು ಅದನ್ನು ಇಂಗ್ಲಿಷಿಗೆ ತಂದಳು. ಆ ಪರೀಕ್ಷಕಿ ಬರೆದುಕೊಂಡಳು, ಅಜ್ಜಿಯ ಹೆಸರು ಕೇಳಿ ಅದನ್ನೂ ಬರೆದುಕೊಂಡಳು. ಥೀಸಿಸ್ಸಿನ ಅಂತಿಮ ಪ್ರತಿಯಲ್ಲಿ, ನಾಲ್ಕನೇ ಅಧ್ಯಾಯದ ಮೊದಲ ಪುಟದಲ್ಲೇ, ಅಜ್ಜಿಯ ಹೆಸರಿದೆ.

ಚೀಟಿ ಬಂತು, ಹತ್ತು ನಿಮಿಷ ಅಂತ. ಹಣದ ಬಗ್ಗೆ ಹೇಳುವುದಿತ್ತು, ಓಡುತ್ತಾ ಹೇಳುತ್ತೇನೆ. ಫ್ರಾನ್ಸಿಗಾದರೆ ದೆಹಲಿಯ ಸೆಫಿಪ್ರಾ ಇದೆ, 1987ರಿಂದ ಎರಡೂ ದೇಶ ಕೂಡಿ ನಡೆಸುತ್ತಿರುವ ಕೇಂದ್ರ. ಅಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ರಾಮನ್-ಶಾರ್ಪಾಕ್ ಫೆಲೋಶಿಪ್ ಇದೆ. ಜರ್ಮನಿಗಾದರೆ ಅಲ್ಲಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯಲ್ಲಿ ಎರಡು ದೇಶದ ಗೈಡುಗಳಿರುವ ಡಾಕ್ಟರೇಟಿಗೇ ಪ್ರತ್ಯೇಕ ಅನುದಾನ ಇದೆ. ಒಂದೇ ಕಡೆಯ ಪದವಿ ಸಾಕು, ನಡುವೆ ಕೆಲವು ಕಾಲ ಇನ್ನೊಂದು ಕಡೆ ಕೆಲಸ ಮಾಡಿದರಾಯಿತು ಎಂದರೆ ಸ್ಯಾಂಡ್‌ವಿಚ್ ಪದ್ಧತಿ ಇದೆ, ಕೃಷಿಯವರಿಗೆ ನೆದರ್ಲೆಂಡ್ಸಿನ ವಾಗೆನಿಂಗನ್ ಅದಕ್ಕೆ ಹೆಸರಾದದ್ದು.

ಇನ್ನೊಂದು ಮಾತು ನುಂಗಲಾರೆ. 2022ರ ನಿಯಮದಲ್ಲಿ ನಮ್ಮ ಸಂಸ್ಥೆಗೆ ನ್ಯಾಕ್ ಎಂಬ ಮೌಲ್ಯಮಾಪನ ಮಂಡಳಿ ಕೊಟ್ಟ ಅಂಕ ಕನಿಷ್ಠ 3.01 ಇರಬೇಕು, ಇಲ್ಲವೇ ಎನ್‌ಐಆರ್‌ಎಫ್ ಎಂಬ ಸರಕಾರದ ರ್ಯಾಂಕ್ ಪಟ್ಟಿಯ ಮೊದಲ ನೂರರಲ್ಲಿ ಇರಬೇಕು, ಅದೂ ಇಲ್ಲದಿದ್ದರೆ ಸರಕಾರದಿಂದ 'ಉತ್ಕೃಷ್ಟ ಸಂಸ್ಥೆ' ಎನಿಸಿಕೊಂಡಿರಬೇಕು. ಹೊರದೇಶದ ಸಂಸ್ಥೆಯವರು ಜಾಗತಿಕ ರ್ಯಾಂಕ್ ಪಟ್ಟಿಯ ಮೊದಲ ಸಾವಿರದಲ್ಲಿ ಇರಬೇಕು. ಗುಣಮಟ್ಟದ ಕಾಳಜಿ ಸರಿ. ಆದರೆ ಗದಗಿನ ಕಪ್ಪತಗುಡ್ಡದ ಔಷಧಿ ಸಸ್ಯದ ಬಗ್ಗೆ ಪ್ರಶ್ನೆ ಇರುವ ಹುಡುಗ ಅಂಕವಿಲ್ಲದ ಸಂಸ್ಥೆಯಲ್ಲೂ ಇರುತ್ತಾನೆ. ದೊಡ್ಡ ವಿಶ್ವವಿದ್ಯಾಲಯಗಳು ಅಂಥವನನ್ನು ಕರೆದು ತಮ್ಮಲ್ಲಿ ನೋಂದಣಿ ಮಾಡಿಸಿಕೊಂಡು, ಅವನ ಊರಿನ ಗುರುವನ್ನು ಕೋ-ಗೈಡ್ ಮಾಡಿಕೊಳ್ಳಬೇಕು. ಈ ಸಭೆಯಲ್ಲಿ ಅಂಥ ಕುರ್ಚಿಯಲ್ಲಿ ಕೂತವರಿದ್ದಾರೆ, ಅವರನ್ನು ನೋಡಿಯೇ ಹೇಳುತ್ತಿದ್ದೇನೆ.

ಆರೋಗ್ಯ ಸಂಶೋಧನೆಯ ಅನುಮತಿ, ಪೇಟೆಂಟಿನ ಪಾಲು, ಇವೆರಡು ಟಿಪ್ಪಣಿಯಲ್ಲೇ ಉಳಿದವು. ಪ್ರಶ್ನೋತ್ತರದಲ್ಲಿ ಕೇಳಿದರೆ ಹೇಳುತ್ತೇನೆ.

ಆ ಹುಡುಗಿಯ ಕರಾರಿನ ಪ್ರತಿಯನ್ನು ಅವಳ ಒಪ್ಪಿಗೆ ಪಡೆದು, ಹೆಸರು ತೆಗೆದು, ಕನ್ನಡದಲ್ಲಿ ಬರೆಸಿ ನಲವತ್ತು ಪ್ರತಿ ತಂದಿದ್ದೇನೆ. ಬಾಗಿಲ ಹತ್ತಿರ ಮೇಜಿನ ಮೇಲೆ ಇವೆ, ಮಳೆಗೆ ತೊಯ್ಯಬಾರದೆಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದೇನೆ. ಪರೀಕ್ಷಕರ ಕಲಮು ಮೂರನೇ ಪುಟದಲ್ಲಿದೆ. ನನ್ನ ಮನೆಗೆ ಬಂದಿದ್ದ ಮೂವರಲ್ಲಿ ಇಬ್ಬರು ಇಲ್ಲೇ ಕೂತಿದ್ದಾರೆ, ಮೊದಲ ಎರಡು ಪ್ರತಿ ಅವರಿಗೆ. ಮುಂದಿನ ಐತವಾರ ಮುಂಜಾನೆ ಮನೆಗೆ ಬರ್ರಿ, ಚಹಾ ಕುಡಿಯುತ್ತಾ ನಿಮ್ಮ ಪ್ರಶ್ನೆ ಓದೋಣ.