ನಕಲು ಬೇರೆ, ನಕಲಿ ಬೇರೆ

ನಮಸ್ಕಾರ. ನಾನೀಗ ಬೆಳಗಾವಿ ತಿಲಕವಾಡಿಯ ನಮ್ಮ ಮನೆ ಗ್ಯಾರೇಜಿನಲ್ಲಿದ್ದೇನೆ. ನೆಲದ ಮೇಲೆ ಚಾಕ್‌ಪೀಸ್ ಗೆರೆ ಕಾಣುತ್ತಿದೆಯಲ್ವಾ? ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 2400 ಮಿಲಿಮೀಟರ್. ಎಡಗಾಲಿಯಿಂದ ಬಲಗಾಲಿಗೆ 1200. ಬುಗಾಟಿ ಟೈಪ್ 35 ಅನ್ನೋ ರೇಸ್ ಕಾರಿನ ಅಳತೆ ಇದು. 1924ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಅದು ಮೊದಲ ರೇಸ್ ಓಡಿತು. ಆ ಕಾರಿನ ನಕಲನ್ನು ನಾನಿಲ್ಲಿ ಕಟ್ಟುತ್ತಿದ್ದೇನೆ.

ನೋಡಲು ಬಂದವರು ಹೆಚ್ಚಾಗಿ ಒಂದೇ ಮಾತು ಕೇಳುತ್ತಾರೆ. "ಏನೇ ಮಾಡಿದರೂ ಇದು ನಕಲಿನೇ ಅಲ್ವಾ?" ಈ ಮಾತು ನನಗೆ ನಿಜಕ್ಕೂ ನೋವು ಕೊಡುತ್ತದೆ. ನಕಲು ಬೇರೆ, ನಕಲಿ ಬೇರೆ. ಮೂಲವನ್ನು ನೋಡಿ, ಅಳೆದು, ಕೈಯಾರೆ ಮಾಡಿದ್ದು ನಕಲು. ಅದನ್ನೇ ಮೂಲ ಅಂತ ಹೇಳಿ ದಾಟಿಸಿದರೆ ನಕಲಿ. ಅರ್ಜೆಂಟೀನಾದಲ್ಲಿ ಪುರ್ ಸಾಂಗ್ ಅನ್ನೋ ಕಾರ್ಖಾನೆ ಇದೇ ಟೈಪ್ 35 ಅನ್ನು ಹೊಸದಾಗಿ ಕಟ್ಟಿ, ಹೊಸದು ಅಂತಲೇ ಹೇಳಿ ಮಾರುತ್ತದೆ. ಅದರಲ್ಲಿ ಮೋಸ ಎಲ್ಲಿದೆ ಹೇಳಿ.

ಈ ಕಾರೇ ಯಾಕೆ? ಗಾಲಿಗಾಗಿ. ಆ ಕಾಲದ ರೇಸ್ ಕಾರುಗಳಿಗೆ ಸಾಮಾನ್ಯವಾಗಿ ತಂತಿ ಕಡ್ಡಿಯ ಗಾಲಿ ಇರುತ್ತಿತ್ತು. ಬುಗಾಟಿ ಮಾತ್ರ ಅಲ್ಯೂಮಿನಿಯಂ ಎರಕದ ಗಾಲಿ ಹಾಕಿತು. ಎಂಟು ಚಪ್ಪಟೆ ಸ್ಪೋಕ್, ಬ್ರೇಕ್ ಡ್ರಮ್ಮೂ ಗಾಲಿಯ ಜೊತೆಗೇ. ಗಾಲಿ ಕಳಚಿದರೆ ಬ್ರೇಕ್ ಲೈನರ್ ಕಣ್ಣೆದುರಿಗೇ ಸಿಗುತ್ತದೆ. ಎರಕ ಅಂದಮೇಲೆ ಬೆಳಗಾವಿಯವರಿಗೆ ಹೇಳಿಕೊಡಬೇಕಾ? ಮೂರನೇ ರೈಲ್ವೆ ಗೇಟ್ ದಾಟಿ ಉದ್ಯಮಬಾಗಕ್ಕೆ ಹೋದರೆ ಫೌಂಡ್ರಿ, ಲೇತ್, ಪ್ಯಾಟರ್ನ್ (ಎರಕದ ಅಚ್ಚು ತೆಗೆಯಲು ಬಳಸುವ ಮಾದರಿ) ಅಂಗಡಿ ಎಲ್ಲಾ ಸಿಗುತ್ತವೆ.

ಅಲ್ಲಿ ಮರದ ಪ್ಯಾಟರ್ನ್ ಮಾಡುವ ಕಾಕಾ ಒಬ್ಬರಿದ್ದಾರೆ. ನನ್ನ ಡ್ರಾಯಿಂಗ್ ನೋಡಿ ಬಹಳ ಹೊತ್ತು ಸುಮ್ನೆ ಕೂತರು. ಆಮೇಲೆ ಸ್ಪೋಕ್ ಅಂಚಿಗೆ ಸೇರುವ ಜಾಗದ ಮೇಲೆ ಬೆರಳಿಟ್ಟರು. "ತಮ್ಮಾ, ಇಲ್ಲಿ ದಪ್ಪ ಐತಿ, ಇಲ್ಲಿ ತೆಳು ಐತಿ. ಆರುವಾಗ ಇಲ್ಲೇ ಸೀಳತೈತಿ." ತೆಳುವಾದದ್ದು ಮೊದಲು ಗಟ್ಟಿಯಾಗುತ್ತದೆ, ದಪ್ಪದ್ದು ಆಮೇಲೆ ಕುಗ್ಗುತ್ತಾ ಎಳೆಯುತ್ತದೆ. ಅದಕ್ಕೇ ಆ ಮೂಲೆಗೆ ದುಂಡು ಕೊಟ್ಟರು. ಅಲ್ಯೂಮಿನಿಯಂ ಆರುವಾಗ ನೂರಕ್ಕೆ ಒಂದೂಕಾಲರಷ್ಟು ಕುಗ್ಗುತ್ತದೆ. ಹಾಗಾಗಿ ಪ್ಯಾಟರ್ನ್ ಅನ್ನೇ ಅಷ್ಟು ದೊಡ್ಡದು ಮಾಡಿದರು. ಆಮೇಲೆ ಲೇತಿನಲ್ಲಿ ಕೆತ್ತಿ ತೆಗೆಯಲು ಇನ್ನಷ್ಟು ದಪ್ಪ ಬಿಟ್ಟರು. ನೂರು ವರ್ಷದ ಹಿಂದೆ ಬುಗಾಟಿಯವರ ಫೌಂಡ್ರಿಯಲ್ಲೂ ಯಾರೋ ಇದೇ ಮೂಲೆಯ ಮೇಲೆ ಬೆರಳಿಟ್ಟು ಯೋಚಿಸಿರಬೇಕು. ಫೋಟೋ ನೋಡಿದರೆ ಇದು ತಿಳಿಯುವುದಿಲ್ಲ. ಮ್ಯೂಸಿಯಂನ ಗಾಜಿನಾಚೆ ನಿಂತರೂ ತಿಳಿಯುವುದಿಲ್ಲ. ಮಾಡಿದರೆ ಮಾತ್ರ ತಿಳಿಯುತ್ತದೆ.

ನಮ್ಮ ಮೊದಲ ಗಾಲಿ ಕೆಟ್ಟಿತು. ಗುಜರಿ ಅಲ್ಯೂಮಿನಿಯಂ ಕರಗಿಸಿ ಹೊಯ್ದಿದ್ದೆವು. ಲೇತಿಗೆ ಹಾಕಿದಾಗ ಒಳಗೆಲ್ಲಾ ಸೂಜಿ ತೂತು. ಅದನ್ನು ಗೋಡೆಗೆ ತೂಗುಹಾಕಿದ್ದೇನೆ. ದಯವಿಟ್ಟು ಕೇಳಿ. ಎರಕದ ಗಾಲಿಯನ್ನು ಎಕ್ಸ್‌ರೇ ಮಾಡಿಸದೆ ಓಡಿಸಬೇಡಿ. ಸ್ಟೀರಿಂಗ್, ಬ್ರೇಕು, ಗಾಲಿ, ಈ ಮೂರರಲ್ಲಿ ಹಣ ಉಳಿಸಲು ಹೋಗಬೇಡಿ. ಬುಗಾಟಿಯಲ್ಲಿ ಕೇಬಲ್ ಬ್ರೇಕ್ ಇತ್ತು. ನಾನು ಹೈಡ್ರಾಲಿಕ್ ಹಾಕುತ್ತಿದ್ದೇನೆ.

ಹಿಂದಿನ ಬಾಲದ ಕೆಲಸ ಈಗ ಶುರುವಾಗಿದೆ. ಅಲ್ಯೂಮಿನಿಯಂ ಹಾಳೆಗೆ ಸೋಪು ಸವರಿ, ಹಿಂದಿನಿಂದ ಬೆಂಕಿ ಹಿಡಿಯುತ್ತೇವೆ. ಸೋಪು ಕಪ್ಪಾದ ತಕ್ಷಣ ಬೆಂಕಿ ತೆಗೆಯಬೇಕು. ಆಗ ಹಾಳೆ ಮೆತ್ತಗಾಗಿರುತ್ತದೆ. ಮರಳಿನ ಚೀಲದ ಮೇಲಿಟ್ಟು ಕೊಡತಿಯಿಂದ ಬಡಿಯುತ್ತಾ ಹೋದರೆ ಹೊಟ್ಟೆ ಬರುತ್ತದೆ. ಬಡಿದಷ್ಟೂ ಮತ್ತೆ ಗಡುಸಾಗುತ್ತದೆ, ಮತ್ತೆ ಸೋಪು, ಮತ್ತೆ ಬೆಂಕಿ. ನಮ್ಮಲ್ಲಿ ತಾಮ್ರದ ಹಂಡೆ ಬಡಿಯುತ್ತಿದ್ದವರೂ ಹೀಗೇ ಕಾಯಿಸಿ ಬಡಿಯುತ್ತಿದ್ದರು.

ಎಂಜಿನ್ ಮಾರುತಿ ಓಮ್ನಿಯದು, 796 ಸಿಸಿ, ಮೂರು ಸಿಲಿಂಡರ್. ಉದ್ದಕ್ಕೆ ಕೂರುತ್ತದೆ, ಹಿಂದಿನ ಗಾಲಿ ತಿರುಗಿಸುತ್ತದೆ. ನಮಗೆ ಬೇಕಾದದ್ದೂ ಅದೇ. ಮೂಲದಲ್ಲಿ ಎಂಟು ಸಿಲಿಂಡರ್ ಇದ್ದವು, ಅದಕ್ಕೇ ಬಾನೆಟ್ ಅಷ್ಟು ಉದ್ದ. ನನ್ನ ಬಾನೆಟ್ ತೆರೆದರೆ ಅರ್ಧ ಖಾಲಿ. ಅದನ್ನು ಮುಚ್ಚಿಡುವುದಿಲ್ಲ, ಕೇಳಿದವರಿಗೆ ತೆರೆದು ತೋರಿಸುತ್ತೇನೆ.

ಇನ್ನು ಕೆಲವರು ಒಂದು ಉಪಾಯ ಹೇಳಿಕೊಡುತ್ತಾರೆ. ಓಮ್ನಿಯ ನಂಬರನ್ನೇ ಇದಕ್ಕೆ ಹಾಕಿ ರಸ್ತೆಗೆ ಇಳಿಸು ಅಂತ. ನಾನು ನಕಲಿ ಅನ್ನುವುದು ಇದಕ್ಕೇ. ಆರ್‌ಸಿಯಲ್ಲಿ ಒಂದು ಗಾಡಿ, ರಸ್ತೆಯಲ್ಲಿ ಇನ್ನೊಂದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಒಪ್ಪುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಎದುರಿಗೆ ಬರುವ ಸ್ಕೂಟರಿನವರ ಜೀವವೂ ಜೀವವೇ. ಈ ಕಾರು ಟ್ರೇಲರ್ ಮೇಲೆ ಹೋಗುತ್ತದೆ, ಖಾಸಗಿ ಜಾಗದಲ್ಲಿ ಓಡುತ್ತದೆ, ವಾಪಸ್ ಟ್ರೇಲರ್ ಮೇಲೆ ಬರುತ್ತದೆ.

ಡ್ಯಾಶ್‌ಬೋರ್ಡಿಗೆ ಹಿತ್ತಾಳೆ ಪಟ್ಟಿ ಮಾಡಿಸಿದ್ದೇನೆ. 'ಬೆಳಗಾವಿಯಲ್ಲಿ ಕಟ್ಟಿದ್ದು' ಅಂತ ಕನ್ನಡದಲ್ಲಿ ಕೊರೆಸಿದೆ. ಕೆಳಗೆ ಕಾಕಾನ ಹೆಸರಿಗೆ ಜಾಗ ಬಿಟ್ಟಿದೆ. ಕೇಳಿದರೆ, "ಗಾಲಿ ನಿಂತ ಮ್ಯಾಲ ಬರಿಯೋಣು, ತಮ್ಮಾ" ಅಂದರು. ಶನಿವಾರ ಮತ್ತೆ ಎರಕ ಇದೆ. ಈ ಸಲ ಗುಜರಿ ಅಲ್ಲ, ಹೊಸ ಇಂಗಾಟ್, ಅಂದರೆ ಅಲ್ಯೂಮಿನಿಯಂ ಗಟ್ಟಿ ತಂದಿದ್ದೇವೆ.