ಇನ್ನೂ ಎಷ್ಟು ಹೊತ್ತು ಅಮ್ಮಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳನ್ನು ಕರೆದುಕೊಂಡು ಎಲ್ಲಿಗಾದರೂ ಹೊರಟರೆ ಸಾಕು, ಮನೆ ಬಾಗಿಲಿಗೆ ಬೀಗ ಹಾಕುವ ಮೊದಲೇ ಆ ಪ್ರಶ್ನೆ ಶುರುವಾಗುತ್ತದೆ. "ಇನ್ನೂ ಎಷ್ಟು ಹೊತ್ತು ಅಮ್ಮಾ?" ದಾರಿಯಲ್ಲಿ ನಾಲ್ಕು ಸಲ, ಟಿಕೆಟ್ ಸಾಲಿನಲ್ಲಿ ಹತ್ತು ಸಲ, ಆಟದ ಮುಂದೆ ನಿಂತ ಮೇಲಂತೂ ಲೆಕ್ಕವೇ ಇಲ್ಲ. ನನಗೆ ಇಬ್ಬರು ಮಕ್ಕಳು. ಮಗನಿಗೆ ಹತ್ತು ವರ್ಷ, ಮಗಳಿಗೆ ಆರು. ಇವರನ್ನು ಕಟ್ಟಿಕೊಂಡು ಪಾರ್ಕು, ಸಿನಿಮಾ, ಸರ್ಕಸ್ಸು, ಮ್ಯೂಸಿಯಂ ಅಂತ ತಿರುಗಿದ್ದೇನೆ. ತಿರುಗಿ ತಿರುಗಿ ಒಂದು ಮಾತು ನನಗೆ ಗಟ್ಟಿಯಾಗಿದೆ. ಮಕ್ಕಳು ಕಾಯುತ್ತಾರೆ. ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಕಾಯುತ್ತಾರೆ. ಆದರೆ ಎಷ್ಟು ಹೊತ್ತು, ಯಾಕೆ ಅಂತ ಯಾರಾದರೂ ಅವರ ಮುಖ ನೋಡಿ ನಿಜ ಹೇಳಬೇಕು. ಅಷ್ಟೇ.

ಹೋದ ರಜೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ಒಂದು ಮನರಂಜನಾ ಪಾರ್ಕಿಗೆ ಹೋಗಿದ್ದೆವು. ಮಗಳಿಗೆ ಒಂದೇ ಒಂದು ಆಟದ ಮೇಲೆ ಕಣ್ಣು, ಮೇಲಕ್ಕೆ ಹೋಗಿ ಸೊಯ್ಯನೆ ಕೆಳಗೆ ಬರುವ ಆಟ. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಗೇಟಿನ ಹತ್ತಿರ ಬಂದಾಗ ಅಲ್ಲೊಂದು ಹಲಗೆ, ಅದರ ಮೇಲೆ ಕೈ ಚಾಚಿ ನಿಂತ ಗೊಂಬೆಯ ಚಿತ್ರ. ಆ ಕೈಗೆ ತಲೆ ತಾಗಿದರೆ ಮಾತ್ರ ಒಳಗೆ. ಇವಳು ಹಲಗೆಗೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು, ಹಿಮ್ಮಡಿಯನ್ನು ಮೆಲ್ಲಗೆ ಎತ್ತಿ ನಿಂತಳು. ಎರಡು ಬೆರಳು ಕಮ್ಮಿ.

ನನ್ನ ಎದೆ ಧಸಕ್ಕೆಂದಿತು. ಹಿಂದೆ ಅಷ್ಟು ಜನ ನಿಂತಿದ್ದಾರೆ, ಇವಳು ಈಗ ಅಳುವುದು ಖಾತ್ರಿ ಅಂದುಕೊಂಡೆ. ಗೇಟಿನಲ್ಲಿದ್ದ ಹುಡುಗ ನನ್ನ ಕಡೆ ನೋಡಲೇ ಇಲ್ಲ. ಮೊಣಕಾಲೂರಿ ಕೂತು ಅವಳ ಎತ್ತರಕ್ಕೆ ಬಂದ. "ಬಾ ಪುಟ್ಟಾ, ನಿಂಗೊಂದು ತೋರಿಸ್ತೀನಿ" ಅಂದು, ಕೂತು ನೋಡಲಿಕ್ಕೆಂದೇ ಪಕ್ಕದಲ್ಲಿ ಇಟ್ಟಿದ್ದ ಸೀಟಿನ ಮೇಲೆ ಕೂರಿಸಿದ. ತೊಡೆಯ ಮೇಲೆ ಬರುವ ಕಂಬಿಯನ್ನು ಇಳಿಸಿದ. ಕಂಬಿಗೂ ಅವಳ ಕಾಲಿಗೂ ನಡುವೆ ಜಾಗ ಉಳಿಯಿತು. ಅಲ್ಲಿ ತನ್ನ ಮುಷ್ಟಿ ತೂರಿಸಿ ತೋರಿಸಿದ. "ಈ ಜಾಗ ತುಂಬ್ಬೇಕು. ಆಗ ಕಂಬಿ ನಿನ್ನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಈಗ ಹಿಡ್ಕೊಳ್ಳಲ್ಲ." ಮಗಳು ತಾನೂ ಮುಷ್ಟಿ ಮಾಡಿ ಅಲ್ಲಿ ತೂರಿಸಿ ನೋಡಿದಳು. ಆಮೇಲೆ ತಾನೇ ಇಳಿದು ಬಂದಳು. ಅಳಲಿಲ್ಲ.

ಎತ್ತರದ ನಿಯಮ ಇರುವುದು ಅದಕ್ಕೇ. ಇಂಥ ಆಟಗಳ ಸೀಟು, ಕಂಬಿ, ಬೆಲ್ಟು ಎಲ್ಲವನ್ನೂ ಇಂತಿಷ್ಟು ಗಾತ್ರದ ದೇಹಕ್ಕೆ ಅಂತಲೇ ಮಾಡಿರುತ್ತಾರೆ. ಅದಕ್ಕಿಂತ ಚಿಕ್ಕ ಮಗು ಆದರೆ ಜಾರಿಬಿಡಬಹುದು. ಗೇಟಿನಲ್ಲಿ ಬೇಗ ಅಳೆಯಲು ಬರುವುದು ಎತ್ತರ, ಹಾಗಾಗಿ ಎತ್ತರ ನೋಡುತ್ತಾರೆ. ಇದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಬೇರೆ ಕಡೆಯೂ ಮಗಳನ್ನು ಹೀಗೆ ವಾಪಸ್ ಕಳಿಸಿದ್ದಾರೆ, "ಆಗಲ್ಲ, ಪಕ್ಕಕ್ಕೆ ಬನ್ನಿ" ಅಂತ ಎರಡೇ ಮಾತಿನಲ್ಲಿ. ನಿಯಮ ಅದೇ, ಆದರೆ ಅವತ್ತು ಅವಳು ಮನೆ ಬರುವ ತನಕ ಬಿಕ್ಕಿದಳು.

ಒಂದು ದೂರು ಮಾತ್ರ ಇದೆ. ಆ ಹಲಗೆಯನ್ನು ಸಾಲು ಶುರುವಾಗುವ ಕಡೆಯೂ ಇಡಬೇಕಿತ್ತು. ಮುಕ್ಕಾಲು ಗಂಟೆ ನಿಂತ ಮೇಲೆ ಆಗಲ್ಲ ಅಂತ ಕೇಳುವುದು ಮಗುವಿಗೆ ಜಾಸ್ತಿ ನೋವು, ಅಲ್ವಾ?

ಈ ಕಾಯುವ ವಿಚಾರ ಓದುತ್ತಾ ಹೋದರೆ ಬಹಳ ಇದೆ. ಡೇವಿಡ್ ಮೈಸ್ಟರ್ ಅನ್ನುವವರು 1985ರಲ್ಲಿ ಸಾಲಿನಲ್ಲಿ ನಿಲ್ಲುವವರ ಮನಸ್ಸಿನ ಬಗ್ಗೆ ಬರೆದರು. ಸುಮ್ನೆ ನಿಂತ ಹೊತ್ತು, ಏನಾದರೂ ಮಾಡುತ್ತಾ ಕಳೆದ ಹೊತ್ತಿಗಿಂತ ಉದ್ದ ಅನ್ನಿಸುತ್ತದೆ. ಇಷ್ಟು ಹೊತ್ತು ಅಂತ ಗೊತ್ತಿಲ್ಲದಿದ್ದರೆ ಇನ್ನೂ ಉದ್ದ. ಕಾರಣ ಹೇಳದಿದ್ದರೆ ಇನ್ನೂ ಉದ್ದ. ಹಿಂದೆ ಬಂದವರು ಮುಂದೆ ಹೋದರೆ ಕೇಳುವುದೇ ಬೇಡ. ಅವರು ಬರೆದದ್ದು ದೊಡ್ಡವರನ್ನು ನೋಡಿ. ಆರು ವರ್ಷದ ಮಗುವಿನ ಪಾಡು ನೀವೇ ಯೋಚಿಸಿ. ಅದಕ್ಕೆ ಗಡಿಯಾರ ಸರಿಯಾಗಿ ಬರುವುದಿಲ್ಲ, ಕಣ್ಣಿಗೆ ಕಾಣುವುದು ಮುಂದೆ ನಿಂತವರ ಸೊಂಟ ಮಾತ್ರ. ಹಾಗಾಗಿ ನಾನು ಈಗ ಮಗಳಿಗೆ ನಿಮಿಷದ ಲೆಕ್ಕ ಹೇಳುವುದಿಲ್ಲ. "ಆ ಕೆಂಪು ಟೋಪಿಯ ಅಣ್ಣ ಒಳಗೆ ಹೋದ ಮೇಲೆ ಇನ್ನು ನಾಲ್ಕು ಜನ, ಆಮೇಲೆ ನಾವು" ಅನ್ನುತ್ತೇನೆ. ಅವಳೇ ಎಣಿಸುತ್ತಾಳೆ. ಎಣಿಸುವುದೇ ಒಂದು ಆಟ ಆಗುತ್ತದೆ.

ಸಾಲಿಗೂ ಒಂದು ಗಣಿತ ಇದೆ. ಡೆನ್ಮಾರ್ಕಿನ ಎರ್ಲಾಂಗ್ ಅನ್ನುವವರು 1909ರಲ್ಲೇ ಟೆಲಿಫೋನ್ ಕರೆಗಳ ಲೆಕ್ಕ ಹಾಕುತ್ತಾ ಅದನ್ನು ಶುರು ಮಾಡಿದರು. ಕೌಂಟರಿನವರು ಹೆಚ್ಚುಕಮ್ಮಿ ಪೂರ್ತಿ ಹೊತ್ತು ಬಿಡುವಿಲ್ಲದೆ ಇರುವಾಗ, ಇನ್ನು ಸ್ವಲ್ಪವೇ ಜನ ಜಾಸ್ತಿ ಬಂದರೂ ಸಾಲು ಸರಸರನೆ ಬೆಳೆದುಬಿಡುತ್ತದೆ. ರಜೆ ದಿನ ಜನ ಬರುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. ಆರು ಕೌಂಟರ್ ಇದ್ದು ಎರಡೇ ತೆರೆದಿಟ್ಟಾಗ ನನಗೆ ಸಿಟ್ಟು ಬರುವುದು ಅದಕ್ಕೇ. ಆ ಎರಡು ಕೌಂಟರಿನಲ್ಲಿ ಕೂತವರ ಮೇಲಲ್ಲ ಸಿಟ್ಟು. ಪಾಪ, ಅವರಿಗೆ ನೀರು ಕುಡಿಯಲೂ ಪುರುಸೊತ್ತಿಲ್ಲ. ಬೈಗುಳ ಮಾತ್ರ ಅವರ ಪಾಲಿಗೆ.

ಫೋನಿನಲ್ಲಿ ಕಾಯಿಸುವುದು ಇನ್ನೊಂದು. ಒಮ್ಮೆ ಮಕ್ಕಳ ನಾಟಕಕ್ಕೆ ಟಿಕೆಟ್ ತೆಗೆದಿದ್ದೆವು, ಹಿಂದಿನ ರಾತ್ರಿ ಮಗನಿಗೆ ಜ್ವರ. ಬೇರೆ ದಿನಕ್ಕೆ ಬದಲಾಯಿಸಿ ಕೊಡುತ್ತಾರೇನೋ ಅಂತ ಫೋನು ಮಾಡಿದೆ. ಒಂದು ಒತ್ತಿ, ಮೂರು ಒತ್ತಿ, ಆಮೇಲೆ ಸಂಗೀತ. ಹೋಲ್ಡ್ ಮಾಡಿದಾಗ ಕೇಳಿಸುವ ಆ ಸಂಗೀತಕ್ಕೂ ನಮ್ಮ ರೇಡಿಯೋಗೂ ನಂಟಿದೆ, ನಿಮಗೆ ಗೊತ್ತಾ? ಆಲ್ಫ್ರೆಡ್ ಲೆವಿ ಅನ್ನುವವರ ಕಾರ್ಖಾನೆಯಲ್ಲಿ ಒಂದು ಟೆಲಿಫೋನ್ ತಂತಿ ಕಟ್ಟಡದ ಉಕ್ಕಿನ ತೊಲೆಗೆ ತಾಗಿಕೊಂಡಿತ್ತಂತೆ. ಪಕ್ಕದ ರೇಡಿಯೋ ಕೇಂದ್ರದ ಹಾಡು ಆ ತಂತಿಯಲ್ಲಿ ಹರಿದು, ಫೋನು ಹಿಡಿದು ಕಾಯುತ್ತಿದ್ದವರ ಕಿವಿಗೆ ಬಂತಂತೆ. ಲೆವಿ 1962ರಲ್ಲಿ ಇದರ ಪೇಟೆಂಟ್‌ಗೆ ಅರ್ಜಿ ಹಾಕಿದರು, 1966ರಲ್ಲಿ ಸಿಕ್ಕಿತು. ಒಳ್ಳೆಯ ಯೋಚನೆಯೇ. ಫೋನು ಸತ್ತಿಲ್ಲ, ಆ ಕಡೆ ಯಾರೋ ಇದ್ದಾರೆ ಅನ್ನುವ ಧೈರ್ಯ ಕೊಡುತ್ತದೆ. ಆದರೆ ನಾನು ಜ್ವರದ ಹುಡುಗನನ್ನು ತೊಡೆ ಮೇಲೆ ಹಾಕಿಕೊಂಡು, ಹಣೆಗೆ ಒದ್ದೆ ಬಟ್ಟೆ ಇಡುತ್ತಾ, ಒಂದೇ ರಾಗವನ್ನು ಇಪ್ಪತ್ತು ನಿಮಿಷ ಕೇಳಿದೆ. ಕೊನೆಗೆ ಬಂದವರು ನಿಯಮ ಓದಿ ಹೇಳಿ ಇಟ್ಟುಬಿಟ್ಟರು. ದುಡ್ಡು ವಾಪಸ್ ಬರದಿದ್ದರೆ ಪರವಾಗಿಲ್ಲ, ನಿಯಮ ನಿಯಮವೇ. "ಮಗು ಹೇಗಿದೆ?" ಅಂತ ಕೇಳಲು ಎಷ್ಟು ಹೊತ್ತು ಬೇಕಿತ್ತು?

ಮಕ್ಕಳ ಜೊತೆ ಹೋಗುವ ಜಾಗಗಳಲ್ಲಿ ಅಪ್ಪ ಅಮ್ಮಂದಿರನ್ನು ಬೆಂಚಿನ ಮೇಲೆ ಕೂರಿಸಿ ಬಿಡುತ್ತಾರೆ, ಅದೂ ನನಗೆ ಸರಿ ಕಾಣುವುದಿಲ್ಲ. ವಾಲ್ಟ್ ಡಿಸ್ನಿ ತಮ್ಮ ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳು ತಿರುಗುವ ಕುದುರೆಯ ಮೇಲೆ, ಇವರು ಬೆಂಚಿನ ಮೇಲೆ. ಅಲ್ಲಿ ಕೂತಾಗಲೇ, ದೊಡ್ಡವರೂ ಮಕ್ಕಳೂ ಒಟ್ಟಿಗೆ ನಲಿಯುವ ಒಂದು ಜಾಗ ಇರಬೇಕು ಅಂತ ಅನ್ನಿಸಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಒಬ್ಬ ಅಪ್ಪನ ಬೇಸರದಿಂದ ಹುಟ್ಟಿದ ಜಾಗ ಅದು. ನಮ್ಮ ಮನೆಯಲ್ಲಿ ಇವರು ಬೆಂಚು ಸಿಕ್ಕರೆ ಫೋನು ತೆಗೆಯುತ್ತಿದ್ದರು. ಒಂದು ಸಲ ಮಗ ಬಂದು ಕೈ ಹಿಡಿದು ಎಳೆದ. ಅಪ್ಪ ಮಗ ಇಬ್ಬರೂ ಡಿಕ್ಕಿ ಕಾರು ಓಡಿಸಿದರು. ಆ ವರ್ಷದ ರಜೆಯಲ್ಲಿ ಏನೇನೋ ನೋಡಿದ್ದೆವು, ಮಗ ಇವತ್ತಿಗೂ ಹೇಳುವುದು ಅಪ್ಪನ ಕಾರಿಗೆ ಡಿಕ್ಕಿ ಹೊಡೆದದ್ದನ್ನು ಮಾತ್ರ.

ನೆನಪು ಅನ್ನುವುದೇ ಹಾಗೆ. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಒಂದು ಸಲ 60 ಸೆಕೆಂಡು ತಣ್ಣನೆ ನೀರಿನಲ್ಲಿ ಕೈ ಇಡಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡು, ಅದರ ಮೇಲೆ ಇನ್ನೂ 30 ಸೆಕೆಂಡು, ಆದರೆ ಆ ಕೊನೆಯ ಹೊತ್ತಿನಲ್ಲಿ ನೀರಿನ ಚಳಿಯನ್ನು ಸ್ವಲ್ಪ ಕಮ್ಮಿ ಮಾಡಿದರು. ಯಾವುದನ್ನು ಮತ್ತೆ ಮಾಡುತ್ತೀರಿ ಅಂತ ಕೇಳಿದರೆ ಹೆಚ್ಚಿನವರು ಆರಿಸಿದ್ದು ಉದ್ದದ್ದನ್ನು. ಕೊನೆ ಹೇಗಾಯಿತು ಅನ್ನುವುದು ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಕೂರುತ್ತದೆ. ಆದರೆ ಹೊರಗೆ ಹೋಗುವ ಬಾಗಿಲಲ್ಲಿ ನಮಗೆ ಸಿಗುವುದು ಏನು? ಆಟಿಕೆ ಅಂಗಡಿ, ಮಕ್ಕಳ ಹಟ, ನಮ್ಮ ಗದರಿಕೆ. ಅಲ್ಲಿ ಒಬ್ಬರು ನಿಂತು, ಸುಸ್ತಾದ ಮಗುವಿಗೆ ಕೈ ಬೀಸಿ "ಮತ್ತೆ ಬಾ" ಅಂದರೆ ಸಾಕು.

ನಮ್ಮ ಕೆಲಸವೂ ಸ್ವಲ್ಪ ಇದೆ. ಹೊರಡುವ ಮೊದಲು ಎತ್ತರದ ನಿಯಮ ಕೇಳಿಕೊಳ್ಳಿ. ಮಗುವಿನ ಕೈ ಮೇಲೆ ನಿಮ್ಮ ಫೋನ್ ನಂಬರ್ ಬರೆಯಿರಿ, ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ ಅದೇ ದಾರಿ. ಸಮವಸ್ತ್ರದಲ್ಲಿರುವ ಒಬ್ಬರನ್ನು ತೋರಿಸಿ, ಅಮ್ಮ ಕಾಣದಿದ್ದರೆ ಇಂಥ ಬಟ್ಟೆಯವರ ಹತ್ತಿರ ಹೋಗು ಅಂತ ಹೇಳಿಕೊಡಿ. ಹಾಗೆ ಹೇಳಿದ ಮೇಲೆ, ಅದೇ ಬಟ್ಟೆಯವರ ಮೇಲೆ ಮಕ್ಕಳ ಮುಂದೆ ಕೂಗಾಡಬೇಡಿ. ನಾವು ಬೈದವರ ಹತ್ತಿರ ಮಗು ಧೈರ್ಯವಾಗಿ ಹೋಗುವುದಿಲ್ಲ.

ಆ ಮೊಣಕಾಲೂರಿದ ಹುಡುಗನ ಬ್ಯಾಡ್ಜಿನ ನಂಬರ್ ನಾನು ಬರೆದುಕೊಂಡಿದ್ದೆ. ಮರುದಿನ ಪಾರ್ಕಿನ ಕಸ್ಟಮರ್ ಕೇರ್‌ಗೆ ಫೋನು ಮಾಡಿದೆ. ಟಿಕೆಟ್‌ಗೆ ಒಂದು ಒತ್ತಿ, ದೂರಿಗೆ ಎರಡು ಒತ್ತಿ. ಚೆನ್ನಾಗಿತ್ತು ಅಂತ ಹೇಳಲು ಯಾವ ಅಂಕಿಯೂ ಇರಲಿಲ್ಲ. ಎರಡು ಒತ್ತಿದೆ. ಫೋನು ಎತ್ತಿದ ಹೆಣ್ಣುಮಗಳ ದನಿ ಮೊದಲೇ ಬಿಗಿಯಾಗಿತ್ತು. "ಹೇಳಿ ಮೇಡಂ, ಏನು ತೊಂದರೆ ಆಯ್ತು?" ಅಂದರು. ತೊಂದರೆ ಏನೂ ಇಲ್ಲ ಅಂದೆ. ಸೀಟಿನ ಕಥೆ, ಮುಷ್ಟಿಯ ಕಥೆ, ಎರಡು ಬೆರಳಿನ ಕಥೆ ಎಲ್ಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ. ಆಮೇಲೆ ಅವರು, "ಇನ್ನೊಂದು ಸಲ ಹೇಳ್ತೀರಾ ಮೇಡಂ? ನಿಧಾನವಾಗಿ ಹೇಳಿ, ಬರ್ಕೊಳ್ತೀನಿ" ಅಂದರು.

ನಾನು ಮೊದಲಿಂದ ಹೇಳಿದೆ.

ನಮಸ್ಕಾರ.