ಪುಕ್ಕಟೆ ಲಿನಕ್ಸ್‌ಗೆ ಗಿರಾಕಿ ಯಾರು?

[ತೆರೆಯ ಮೇಲೆ: ದಾವಣಗೆರೆಯ ಅಶೋಕ ರಸ್ತೆ, ಅಂಗಡಿಗಳ ಶಟರ್ ಮೇಲೇಳುವ ಹೊತ್ತು]

ನಮಸ್ಕಾರ. ನಮ್ಮೂರಿನಲ್ಲೇ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ನೋಡುಗರೊಬ್ಬರು ಕೇಳಿದ್ದಾರೆ: “ಸರ್, 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರಿಂದ ಕೈತೊಳೆದುಕೊಂಡಿತು. ನನ್ನ ಕಂಪ್ಯೂಟರ್ ವಿಂಡೋಸ್ 11ಕ್ಕೆ ಆಗಿಬರುವುದಿಲ್ಲವಂತೆ. ಲಿನಕ್ಸ್ ಪುಕ್ಕಟೆ, ಗಟ್ಟಿ ಎಂದು ನೀವೇ ಹೇಳುತ್ತೀರಿ. ಹಾಗಿದ್ದರೆ ಇಷ್ಟು ವರ್ಷದಲ್ಲಿ ಯಾವ ಕಂಪನಿಗೂ ಅದನ್ನು ನನ್ನಂಥವನ ಮೇಜಿನ ಮೇಲೆ ತಂದು ಕೂರಿಸಲು ಏಕೆ ಆಗಲಿಲ್ಲ?”

ಪೀಠಿಕೆ ಬೇಗ ಮುಗಿಸುತ್ತೇನೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯಲು ತೊಡಗಿದ್ದು ಲಿನಕ್ಸ್: ಕಂಪ್ಯೂಟರನ್ನು ನಡೆಸುವ ತಂತ್ರಾಂಶದ ತಿರುಳು. ಅದರ ಸುತ್ತ ಬೇರೆ ಬೇರೆಯವರು ಸಾಫ್ಟ್‌ವೇರ್ ಕಟ್ಟಿ ಉಬುಂಟು, ಫೆಡೋರಾ, ಮಿಂಟ್ ಎಂದು ಹೆಸರಿಟ್ಟು ಹಂಚುತ್ತಾರೆ. ಇಂದು ಇಂಟರ್ನೆಟ್ಟಿನ ಹಿಂದೆ ನಿಂತು ಎಲ್ಲರಿಗೂ ಮಾಹಿತಿ ಒದಗಿಸುವ ಕಂಪ್ಯೂಟರ್‌ಗಳಲ್ಲಿ, ಅಂದರೆ ಸರ್ವರ್‌ಗಳಲ್ಲಿ ಬಹುಪಾಲು ಓಡುವುದು ಲಿನಕ್ಸ್ ಮೇಲೆ. ನಿಮ್ಮ ಆಂಡ್ರಾಯ್ಡ್ ಮೊಬೈಲಿನ ಒಳಗಿರುವುದೂ ಅದೇ. ಮೇಜಿನ ಮೇಲೆ ಮಾತ್ರ, ಜಾಲತಾಣಗಳಿಗೆ ಬರುವವರನ್ನು ಎಣಿಸುವ ಸ್ಟ್ಯಾಟ್‌ಕೌಂಟರ್ ಲೆಕ್ಕದಲ್ಲಿ ಅದು ಶೇಕಡಾ 4 ಮುಟ್ಟಿದ್ದು 2024ರಲ್ಲಿ. ಸರಿ, ಮುಂದೆ.

[ಚಿತ್ರ: ಉಬುಂಟು ಸಿ.ಡಿ.ಯ ಕಂದು ಬಣ್ಣದ ಲಕೋಟೆ]

ಪ್ರಯತ್ನವೇ ಆಗಲಿಲ್ಲ ಎನ್ನುವಂತಿಲ್ಲ. ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ತನ್ನ ಥಾಟ್ ಕಂಪನಿಯನ್ನು 1999ರಲ್ಲಿ ಸುಮಾರು 57.5 ಕೋಟಿ ಡಾಲರಿಗೆ ಮಾರಿದರು, 2002ರಲ್ಲಿ ಕೈಯಿಂದ ಹಣ ಕೊಟ್ಟು ಅಂತರಿಕ್ಷಕ್ಕೆ ಹೋಗಿಬಂದರು, 2004ರಲ್ಲಿ ಕೆನಾನಿಕಲ್ ಕಂಪನಿಯ ಮೂಲಕ ಉಬುಂಟು ಹೊರತಂದರು. ದೋಷಗಳ ದಾಖಲೆಯಲ್ಲಿ ಒಂದನೇ ನಂಬರಿನ ದೋಷ ಎಂದು ಅವರು ಬರೆಸಿದ್ದು ಏನು ಗೊತ್ತೇ? ‘ಮಾರುಕಟ್ಟೆಯ ದೊಡ್ಡ ಪಾಲು ಮೈಕ್ರೋಸಾಫ್ಟ್ ಕೈಯಲ್ಲಿದೆ’ ಎಂದು! ಕೇಳಿದವರಿಗೆಲ್ಲ ಅಂಚೆ ವೆಚ್ಚವನ್ನೂ ತೆಗೆದುಕೊಳ್ಳದೆ ಸಿ.ಡಿ. ಕಳಿಸಿದರು. ನಮ್ಮ ಹಾಸ್ಟೆಲಿಗೂ ಬಂದಿತ್ತು. ಹೊರದೇಶದ ಅಂಚೆ ಎಂದು ವಾರ್ಡನ್ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿಯೇ ಕೊಟ್ಟಿದ್ದರು. 2011ರಲ್ಲಿ ಆ ಸಿ.ಡಿ. ಸೇವೆ ನಿಂತಿತು.

ಇದು ಮಠದ ದಾಸೋಹದ ಲೆಕ್ಕ. ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನನಗೆ ಇಷ್ಟ. ಪಂಕ್ತಿಯಲ್ಲಿ ಕುಳಿತವರು ಯಾರೂ ಬಿಲ್ಲು ಕೊಡುವುದಿಲ್ಲ. ಅಕ್ಕಿ ಬೇಳೆ ಬರುವುದು ಮಠದ ಹೊಲ ತೋಟಗಳಿಂದ, ಭಕ್ತರ ಚೀಲದಿಂದ. ಕೆನಾನಿಕಲ್‌ಗೆ ಡೆಸ್ಕ್‌ಟಾಪ್ ಪಂಕ್ತಿಯಾದರೆ ಸರ್ವರ್ ಹೊಲ: ಬ್ಯಾಂಕು, ಟೆಲಿಕಾಂ ಕಂಪನಿಗಳು ಕೊಡುವ ಸೇವಾ ಶುಲ್ಕದಿಂದ ಒಲೆ ಉರಿಯುತ್ತದೆ. ಉಂಡವರು ಸಾರಿಗೆ ಉಪ್ಪು ಕಡಿಮೆಯಾಯಿತು ಎನ್ನುತ್ತಾರೆ, ಅನ್ನಲಿ. ತಮಾಷೆ ಇರುವುದು ಇನ್ನೊಂದು ಕಡೆ: ಇಲ್ಲಿ ಬೆಂದ ಅಡುಗೆಯನ್ನು ಹಂಡೆಸಮೇತ ಎತ್ತಿಕೊಂಡು ಹೋಗಿ, ಪಕ್ಕದಲ್ಲೇ ಇನ್ನೊಂದು ಚಪ್ಪರ ಹಾಕಿ ಬಡಿಸಲು ಲೈಸೆನ್ಸೇ ಅನುಮತಿ ಕೊಡುತ್ತದೆ. ಲಿನಕ್ಸ್ ಮಿಂಟ್ ನಿಂತಿರುವುದು ಉಬುಂಟು ಮೇಲೆಯೇ, ಬಹಳ ಜನಕ್ಕೆ ಅಲ್ಲಿನ ಬಡಿಸುವಿಕೆಯೇ ಹೆಚ್ಚು ರುಚಿ. ಹೀಗಿರುವಾಗ ಡೆಸ್ಕ್‌ಟಾಪ್ ಚೆಂದ ಮಾಡಲು ಇನ್ನಷ್ಟು ಕೋಟಿ ಸುರಿಯಿರಿ ಎಂದು ಯಾವ ಲೆಕ್ಕಿಗ ಹೇಳುತ್ತಾನೆ? ಲಿನಕ್ಸನ್ನೇ ವ್ಯಾಪಾರ ಮಾಡಿಕೊಂಡ ರೆಡ್ ಹ್ಯಾಟ್ ಕಂಪನಿ ಇದನ್ನು ಮೊದಲೇ ಅರಿತಿತ್ತು. 2003ರಲ್ಲಿ ಸಾಮಾನ್ಯರ ರೆಡ್ ಹ್ಯಾಟ್ ಲಿನಕ್ಸ್ ನಿಲ್ಲಿಸಿತು. ಮನೆ ಬಳಕೆದಾರರಿಗೆ ಸದ್ಯಕ್ಕೆ ವಿಂಡೋಸೇ ಸರಿ ಎಂದು ಅದರ ಮುಖ್ಯಸ್ಥರೇ ಹೇಳಿದರು. ಸರ್ವರ್ ನಂಬಿ ಬೆಳೆದ ಆ ಕಂಪನಿಯನ್ನು 2019ರಲ್ಲಿ ಐಬಿಎಂ 3,400 ಕೋಟಿ ಡಾಲರಿಗೆ ಕೊಂಡಿತು.

ಈಗ ಅಂಗಡಿಯೊಳಗೆ ಹೋಗೋಣ.

[ಹತ್ತಿರದ ದೃಶ್ಯ: ಲೇಸರ್ ಪ್ರಿಂಟರ್, ಮೇಲೆ ಒಂದು ಬಂಡಲ್ ಎ4 ಹಾಳೆ, ಪಕ್ಕದಲ್ಲಿ ಪಹಣಿ ಪ್ರತಿಗಳು]

ಕ್ಯಾನನ್ ಎಲ್‌ಬಿಪಿ 2900. ನಮ್ಮ ಕಡೆಯ ಜೆರಾಕ್ಸ್ ಅಂಗಡಿಗಳಲ್ಲಿ ಇದನ್ನು ನೋಡದವರಿಲ್ಲ. ಸಾವಿಲ್ಲದ ಜೀವ. ಟೋನರ್ ತುಂಬಿಸುತ್ತಾ ಹೋದರೆ ಓಡುತ್ತಲೇ ಇರುತ್ತದೆ. ಆದರೆ ಇದಕ್ಕೆ ಸ್ವಂತ ಬುದ್ಧಿ ಕಡಿಮೆ. ಪುಟದ ಚುಕ್ಕಿ ಚುಕ್ಕಿಯನ್ನೂ ಕಂಪ್ಯೂಟರೇ ಲೆಕ್ಕಹಾಕಿ, ಕಂಪನಿಯದೇ ಆದ ಭಾಷೆಯೊಂದರಲ್ಲಿ ಇದಕ್ಕೆ ರವಾನಿಸಬೇಕು. ಆ ಭಾಷೆಯ ಹೆಸರು ಕ್ಯಾಪ್ಟ್. ಲಿನಕ್ಸ್‌ಗೂ ಡ್ರೈವರ್, ಅಂದರೆ ಪ್ರಿಂಟರಿನೊಡನೆ ಮಾತಾಡುವ ಪ್ರೋಗ್ರಾಂ, ಬಂದಿದೆ ನಿಜ. ಆದರೆ ಅದನ್ನು ಕೂರಿಸುವುದಕ್ಕೆ ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಬರೆಯಬೇಕು, ಹಿಂದೆ ಒಂದು ಪ್ರತ್ಯೇಕ ಪ್ರೋಗ್ರಾಂ ಸದಾ ಎಚ್ಚರವಿರಬೇಕು. ಅದು ಮಲಗಿದ ದಿನ ಮುದ್ರಣವಿಲ್ಲ. ಆ ಭಾಷೆಯ ಗುಟ್ಟನ್ನು ಹವ್ಯಾಸಿಗಳು ಹೊರಗಿನಿಂದ ಗಮನಿಸಿ ಗಮನಿಸಿಯೇ ಬಿಡಿಸಿ ಬೇರೊಂದು ಡ್ರೈವರ್ ಬರೆದರು ಎಂದರೆ ಅವರ ಹಟ ನೋಡಿ. ಅಂಗಡಿಯವನಿಗೆ ಈ ಹಟದಿಂದ ಏನಾಗಬೇಕು? ಎದುರಿಗೆ ಜಾತಿ ಪ್ರಮಾಣಪತ್ರದ ಪ್ರತಿಗಾಗಿ ಆರು ಜನ ನಿಂತಿದ್ದಾರೆ, ಹರಿಹರದ ಬಸ್ಸು ಹೊರಡುತ್ತಿದೆ.

ಇಲ್ಲೊಂದು ವಿಚಿತ್ರವಿದೆ, ಇದನ್ನು ಹೇಳಲೆಂದೇ ಅರ್ಧ ವಿಡಿಯೋ ಮಾಡಿದ್ದೇನೆ. ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿದ್ದೇ ಪ್ರಿಂಟರಿನ ಮೇಲಿನ ಸಿಟ್ಟಿನಿಂದ. 1980ರ ಹೊತ್ತಿಗೆ ಅಮೆರಿಕದ ಎಂಐಟಿ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಹಳೆಯದರಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸಂದೇಶ ಹೋಗುವಂತೆ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಪ್ರೋಗ್ರಾಂ ತಿದ್ದಿದ್ದರು. ಹೊಸದಕ್ಕೆ ಮೂಲ ಸಂಕೇತವನ್ನೇ, ಅಂದರೆ ತಿದ್ದಲು ಬೇಕಾದ ಪ್ರೋಗ್ರಾಮಿನ ಬರಹವನ್ನೇ, ಕೊಟ್ಟಿರಲಿಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಅದು ಇದ್ದವರನ್ನು ಹೋಗಿ ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಸಹಿ ಹಾಕಿದ್ದೇನೆ ಎಂದರು. ಆ ಉರಿ ಬೆಳೆದು 1983ರಲ್ಲಿ ಮುಕ್ತ ತಂತ್ರಾಂಶ ಕಟ್ಟುವ ಗ್ನೂ ಯೋಜನೆಯ ಘೋಷಣೆಯಾಯಿತು. ನಾಲ್ಕು ದಶಕ ಕಳೆದರೂ ಆ ವಂಶದ ಕೂಸಾದ ಲಿನಕ್ಸ್ ದಾವಣಗೆರೆಯಲ್ಲಿ ಎಡವುತ್ತಿರುವುದು ಪ್ರಿಂಟರಿಗೇ! ನಗಬೇಕೋ ಅಳಬೇಕೋ ನೀವೇ ಹೇಳಿ.

ತಪ್ಪು ಯಾರದು? ಪ್ರಿಂಟರ್ ಮಾಡುವವನು ಶೇಕಡಾ 4ರ ಪಾಲು ನೋಡಿ ಡ್ರೈವರಿಗೆ ಎಂಜಿನಿಯರ್‌ಗಳನ್ನು ಕೂರಿಸುವುದಿಲ್ಲ. ಡ್ರೈವರ್ ಸರಿಯಿಲ್ಲದೆ ಆ ಪಾಲು ಏರುವುದಿಲ್ಲ. ಲೆಕ್ಕ ಬರೆಯುವ ಟ್ಯಾಲಿಯದೂ ಇದೇ ಕಥೆ. ನಮ್ಮ ಬೆಂಗಳೂರಿನದೇ ತಂತ್ರಾಂಶ, ಆದರೆ ವಿಂಡೋಸಿಗೆ ಬರೆದದ್ದು. ಮಂಡಿಪೇಟೆಯ ವರ್ತಕ ಟ್ಯಾಲಿ ಬಿಟ್ಟು ಬರುತ್ತಾನೆ ಎಂದು ನಂಬುವವರಿಗೆ ನನ್ನ ನಮಸ್ಕಾರ. ಕನ್ನಡದ ಮಾತಿಗೆ ಬಂದರೆ, ನುಡಿಯಲ್ಲಿ ಬಳಸುವ ಗಣಕ ಪರಿಷತ್ತಿನ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ, ಬೆರಳು ಬದಲಿಸಬೇಕಿಲ್ಲ. ತೊಡಕು ಹಳೆಯ ಕಡತಗಳದು: ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಕೂಡಿಸಿ ವಿಂಡೋಸಿನ ಪೇಜ್‌ಮೇಕರ್, ಕೋರೆಲ್‌ಡ್ರಾಗಳಲ್ಲಿ ಉಳಿಸಿದ ಸಾವಿರಾರು ಲಗ್ನಪತ್ರಿಕೆ. ಹೆಸರು, ಮುಹೂರ್ತ ಬದಲಿಸಿದರೆ ಹೊಸ ಪತ್ರಿಕೆ ಸಿದ್ಧ. ಅಂಗಡಿಯ ಬಂಡವಾಳವೇ ಅದು.

ಇನ್ನು ‘ಪುಕ್ಕಟೆ’ ಎಂಬ ಮಾತು. ಇಲ್ಲಿ ಲಿನಕ್ಸ್‌ನ ಎದುರಾಳಿ ಹಣ ಕೊಟ್ಟು ಕೊಂಡ ವಿಂಡೋಸ್ ಎಂದುಕೊಂಡಿದ್ದೀರಾ? ಉಬುಂಟು ಹಾಕಿದ ಅಗ್ಗದ ಲ್ಯಾಪ್‌ಟಾಪ್ ಕೊಂಡು, ಅಲ್ಲೇ ಮೂಲೆಯ ರಿಪೇರಿ ಹುಡುಗನಿಗೆ ನಾಲ್ಕು ಕಾಸು ಕೊಟ್ಟು ಕದ್ದ ವಿಂಡೋಸ್ ಹಾಕಿಸಿಕೊಳ್ಳುತ್ತಾರೆ. ಕದ್ದದ್ದೂ ಪುಕ್ಕಟೆ, ಕಾನೂನಿನದೂ ಪುಕ್ಕಟೆ ಎಂದಮೇಲೆ ರೂಢಿಯಾದದ್ದೇ ಗೆಲ್ಲುತ್ತದೆ.

ಸಮಯ ಓಡುತ್ತಿದೆ, ಉಳಿದವನ್ನು ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಲಿನಕ್ಸ್ ಮಾರುತ್ತಿದ್ದ ಲಿಂಡೋಸ್ ಎಂಬ ಕಂಪನಿ ಹೆಸರಿನ ಜಗಳದಲ್ಲಿ ಮೈಕ್ರೋಸಾಫ್ಟ್‌ನಿಂದಲೇ 2 ಕೋಟಿ ಡಾಲರ್ ಪಡೆದು ಹೆಸರು ಬದಲಿಸಿಕೊಂಡಿತು. ಗಿರಾಕಿಗಳಿಗಿಂತ ಎದುರಾಳಿಯಿಂದಲೇ ಒಳ್ಳೆಯ ವ್ಯಾಪಾರ! 2007ರಲ್ಲಿ ಏಸಸ್‌ನ ‘ಈ ಪಿಸಿ’ (Eee PC) ಎಂಬ ಪುಟ್ಟ ಲ್ಯಾಪ್‌ಟಾಪ್ ಲಿನಕ್ಸ್ ಹೊತ್ತು ಬಂದು ಬಿಸಿಬಿಸಿಯಾಗಿ ಮಾರಾಟವಾಯಿತು. ಅಂಥ ಪುಟ್ಟ ಯಂತ್ರಗಳಿಗೆಂದೇ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್ ಎಕ್ಸ್‌ಪಿಯ ಆಯುಸ್ಸು ಹೆಚ್ಚಿಸಿ ಆ ದಾರಿ ಮುಚ್ಚಿತು. ಜರ್ಮನಿಯ ಮ್ಯೂನಿಕ್ ನಗರಾಡಳಿತ ಸುಮಾರು 15,000 ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ಒಯ್ದು, 2017ರಲ್ಲಿ ಹಿಂದಿರುಗಲು ತೀರ್ಮಾನಿಸಿತು. ಕೆನಾನಿಕಲ್ 2013ರಲ್ಲಿ ಒಂದನೇ ನಂಬರಿನ ದೋಷದ ಕಡತ ಮುಚ್ಚಿತು. ಕಾರಣ ಉಬುಂಟು ಗೆದ್ದದ್ದಲ್ಲ, ಮೊಬೈಲು ಬಂದದ್ದು. 2017ರಲ್ಲಿ ಯೂನಿಟಿ ಎಂಬ ತನ್ನದೇ ಡೆಸ್ಕ್‌ಟಾಪ್ ವಿನ್ಯಾಸವನ್ನೂ, ಫೋನಿನ ಕನಸನ್ನೂ ಬಿಟ್ಟು ಕ್ಲೌಡ್ ಕಡೆ ಹೊರಳಿತು.

ಗೆದ್ದವರೂ ಇದ್ದಾರೆ. ಕಂಪ್ಯೂಟರ್ ಆಟ ಮಾರುವ ವಾಲ್ವ್ ಕಂಪನಿ 2015ರಲ್ಲಿ ಲಿನಕ್ಸ್ ಮೇಲೆ ಆಟವಾಡುವ ಸ್ಟೀಮ್ ಮೆಷಿನ್ ತಂದು ಸೋತಿತು. 2018ರಲ್ಲಿ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಕೊಟ್ಟು, 2022ರಲ್ಲಿ ಕೈಯಲ್ಲೇ ಹಿಡಿದು ಆಡುವ ಸ್ಟೀಮ್ ಡೆಕ್ ತಂದಿತು. ಅದನ್ನು ಕೊಂಡವರು ಆಟ ಕೊಳ್ಳುತ್ತಾರೆ, ಪ್ರತಿ ಆಟದಲ್ಲೂ ವಾಲ್ವ್‌ಗೆ ಪಾಲಿದೆ; ಲಿನಕ್ಸ್ ಸರಿಪಡಿಸುವ ಸಂಬಳ ಅಲ್ಲಿಂದ ಹುಟ್ಟುತ್ತದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಅಲ್ಲಿನ ಸರ್ಕಾರದ್ದೇ ಆದ ಕೈಟ್ ಸಂಸ್ಥೆಯ ಲಿನಕ್ಸ್ ವರ್ಷಗಳಿಂದ ನಡೆಯುತ್ತಿದೆ, ಅದೂ ಉಬುಂಟು ಮೇಲೆಯೇ ಕಟ್ಟಿದ್ದು. ಪಠ್ಯ ಬರೆಯುವುದು, ಮೇಷ್ಟ್ರಿಗೆ ತರಬೇತಿ ಕೊಡುವುದು, ಪರೀಕ್ಷೆ ನಡೆಸುವುದು ಎಲ್ಲವೂ ಸರ್ಕಾರದ ಕೈಯಲ್ಲೇ ಇರುವುದರಿಂದ ಅಲ್ಲಿ ಲಾಭದ ಪ್ರಶ್ನೆ ಏಳುವುದಿಲ್ಲ.

ನಿಮ್ಮ ಅಂಗಡಿಯಲ್ಲಿ, ಕಚೇರಿಯಲ್ಲಿ ಲಿನಕ್ಸ್‌ನೊಡನೆ ತಕರಾರಿಲ್ಲದೆ ಓಡುವ ಪ್ರಿಂಟರ್ ಇದ್ದರೆ ಮಾಡೆಲ್ ಸಂಖ್ಯೆ ಸಹಿತ ಬರೆದು ಕಳಿಸಿ. ಪಟ್ಟಿ ಮಾಡಿ ಈ ವಿಡಿಯೋದ ಕೆಳಗೇ ಹಾಕುತ್ತೇನೆ.